ಅಪ್ಪನ ಉಯಿಲು, ಅಮ್ಮನ ಕಾಸಿನ ಸರ

ಪ್ರಶ್ನೆ: ನನ್ನ ತವರು ಹಾಸನ ತಾಲೂಕು, ಶಾಂತಿಗ್ರಾಮದ ಕಡೆ. ಕೊಟ್ಟಿದ್ದು ಚಿಕ್ಕಮಗಳೂರಿಗೆ. ಒಬ್ಬ ಅಣ್ಣ, ಒಬ್ಬ ತಮ್ಮ. ಅಮ್ಮ ಹೋಗಿ ಆರು ವರ್ಷ, ಅಪ್ಪ ತೀರಿಕೊಂಡು ಒಂದೂವರೆ ವರ್ಷ. ಅಮ್ಮ ಏನೂ ಬರೆದಿಟ್ಟಿಲ್ಲ. ಅಪ್ಪ ಉಯಿಲು ಬರೆದಿದ್ದಾರೆ, ರಿಜಿಸ್ಟರ್ ಆಗಿಲ್ಲ. ಎರಡು ಎಕರೆ ಹೊಲ ಅಣ್ಣನಿಗೆ, ಹಾಸನದ ಸೈಟು ತಮ್ಮನಿಗೆ, ‘ನನ್ನ ಧರ್ಮಪತ್ನಿಯ ಕಾಸಿನ ಸರ ಒಂದು ಪೂರಾ ನನ್ನ ಮಗಳಿಗೆ ಸೇರತಕ್ಕದ್ದು’ ಅಂತ ಇದೆ. ಹೊಲ, ಸೈಟು ಎರಡೂ ಅಪ್ಪ ದುಡಿದು ಕ್ರಯಕ್ಕೆ ತೆಗೆದುಕೊಂಡದ್ದು. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ಹೋಗಿದ್ದಾರೆ, ಇನ್ನೊಬ್ಬರು ಊರಲ್ಲೇ ಇದ್ದಾರೆ. ಸರ ಈಗ ಅಣ್ಣನ ಬೀರುವಿನಲ್ಲಿದೆ. ‘ಅದು ಮನೆ ಸರ, ಹಿರೀ ಸೊಸೆಗೆ ಬರಬೇಕು, ಹೊರಗೆ ಕೊಟ್ಟ ಹೆಣ್ಣಿಗಲ್ಲ’ ಅನ್ನುತ್ತಾನೆ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷ ಅಪ್ಪ ಸರವನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದರು. ಅವರು ಹೋದ ಮೇಲೆ ಅಣ್ಣ 1,63,000 ರೂಪಾಯಿ ಕಟ್ಟಿ ಬಿಡಿಸಿದ. ‘ಬಿಡಿಸಿದವನಿಗೇ ಸರ’ ಅನ್ನುವುದು ಅವನ ಇನ್ನೊಂದು ಮಾತು. ಬೆಂಗಳೂರಿನಲ್ಲಿರುವ ತಮ್ಮ ಉಯಿಲೇ ಸುಳ್ಳು, ಸರ ಮಾರಿ ಮೂರು ಪಾಲು ಮಾಡಿ ಅನ್ನುತ್ತಾನೆ. ಸೈಟಿನ ಖಾತೆ ಮಾತ್ರ ಅದೇ ಉಯಿಲಿನ ಮೇಲೆ ಮಾಡಿಸಿಕೊಂಡಿದ್ದಾನೆ! ಚಿಕ್ಕವಳಿದ್ದಾಗ ಎಣಿಸಿದರೆ ಸರದಲ್ಲಿ 54 ಕಾಸಿತ್ತು, ಸೊಸೈಟಿ ಚೀಟಿಯಲ್ಲಿ 50 ಅಂತಿದೆ. ಉಳಿದ ನಾಲ್ಕನ್ನು ಅತ್ತಿಗೆ ತೆಗೆದಿದ್ದಾರೆ ಅಂತ ನನಗೆ ಅನುಮಾನ. ಅಂದ ಹಾಗೆ, ಸರವನ್ನು ಅಮ್ಮನಿಗೆ ಮದುವೆಯಲ್ಲಿ ಸಖರಾಯಪಟ್ಟಣದ ತಾತ ಹಾಕಿದ್ದಂತೆ. ನನಗೆ ಸರ ಸಿಗುತ್ತಾ?

ಉತ್ತರ:

ಸಿಗುತ್ತದೆ. ಪೂರ್ತಿಯೋ ಅರ್ಧವೋ ಅನ್ನುವುದಷ್ಟೇ ನೋಡಬೇಕಾದ್ದು. ಅದಕ್ಕೆ ಉತ್ತರ ಉಯಿಲಿಗಿಂತ ಜಾಸ್ತಿ ನಿಮ್ಮ ಅಮ್ಮನ ಮದುವೆ ಫೋಟೋದಲ್ಲಿದೆ.

ಹಾಸನದ ಕೋರ್ಟಿಗೆ ಇಪ್ಪತ್ತಾರು ವರ್ಷದಿಂದ ಹೋಗಿ ಬರುತ್ತಿದ್ದೇನೆ. ಇಂಥ ಜಗಳ ತರುವವರು ಕೂರುವ ಮೊದಲೇ ಉಯಿಲು ತೆಗೆದು ಮೇಜಿನ ಮೇಲಿಡುತ್ತಾರೆ. ನಾನು ಅದನ್ನು ಮಡಚಿ ಪಕ್ಕಕ್ಕಿಟ್ಟು ಒಂದೇ ಮಾತು ಕೇಳುತ್ತೇನೆ. ಇದನ್ನು ಬರೆದ ದಿನ ಆ ವಸ್ತು ಯಾರದ್ದಾಗಿತ್ತು? ಪಕ್ಕದ ಮನೆ ಹಸುವನ್ನು ನಾನು ನನ್ನ ಮಗಳ ಹೆಸರಿಗೆ ಬರೆದಿಟ್ಟು ಸತ್ತರೆ ಹಸು ಏನು ಹಗ್ಗ ಕಿತ್ತುಕೊಂಡು ನಮ್ಮ ಕೊಟ್ಟಿಗೆಗೆ ಬರುತ್ತಾ? ಉಯಿಲು ಎಷ್ಟೇ ಚೆನ್ನಾಗಿರಲಿ, ಬರೆದವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ಕೈ ಬದಲಾಗುವುದು.

ನಿಮ್ಮ ಪತ್ರದ ಕೊನೆಯಲ್ಲಿ, ಮರೆತಿದ್ದು ಈಗ ನೆನಪಾಯಿತು ಅನ್ನುವ ಹಾಗೆ, ‘ಅಂದ ಹಾಗೆ, ಸಖರಾಯಪಟ್ಟಣದ ತಾತ ಹಾಕಿದ್ದಂತೆ’ ಅಂತ ಬರೆದಿದ್ದೀರಿ. ಇಡೀ ಕೇಸು ಇರುವುದು ಆ ಸಾಲಿನಲ್ಲೇ. ತವರಿನವರು ಮದುವೆಯಲ್ಲಿ ಮಗಳ ಕೊರಳಿಗೆ ಹಾಕಿದ ಒಡವೆ ಸ್ತ್ರೀಧನ. ಅದು ಗಂಡನದ್ದೂ ಅಲ್ಲ, ಗಂಡನ ಮನೆಯದ್ದೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹೆಂಗಸಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಅನ್ನುತ್ತದೆ. ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸ್ತ್ರೀಧನ ಗಂಡನ ಜೊತೆ ಜಂಟಿ ಆಸ್ತಿ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲೇ ಹೇಳಿದೆ.

ನಿಮ್ಮ ಅಣ್ಣ ‘ನಮ್ಮ ಕಡೆ ಪದ್ಧತಿ ಹಂಗಿಲ್ಲ’ ಅನ್ನಬಹುದು. ನಮ್ಮ ಕಡೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಾಸನ, ಚಿಕ್ಕಮಗಳೂರು ಎರಡೂ ಹಳೇ ಮೈಸೂರು ಸಂಸ್ಥಾನದ ಜಿಲ್ಲೆಗಳು. ದೇಶಕ್ಕೆಲ್ಲ ಕಾಯ್ದೆ ಬರುವುದಕ್ಕೆ ಎಷ್ಟೋ ಮೊದಲು, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳಿಗೆ ಅಂತಲೇ ಒಂದು ಕಾಯ್ದೆ ಮಾಡಿತ್ತು. ಹೆಂಗಸಿನ ಒಡವೆ ವಸ್ತ್ರ ಅವಳ ಸ್ತ್ರೀಧನ ಅಂತ ಅದರಲ್ಲೇ ಇತ್ತು. ನಿಮ್ಮಮ್ಮನಿಗಲ್ಲ, ಅಜ್ಜಿಯ ಕಾಲದವರಿಗೇ ಆ ಹಕ್ಕು ಇಲ್ಲಿತ್ತು. ಇನ್ನು ಹಿರೀ ಸೊಸೆಗೆ ಸರ ಹೋಗುವ ಪದ್ಧತಿ. ಅದು ಎಷ್ಟೋ ಮನೆಗಳಲ್ಲಿ ಇದೆ, ಸುಳ್ಳಲ್ಲ. ಗೌರಿ ಹಬ್ಬದ ದಿನ ಬಾಗಿನ ಕೊಡುವಾಗ ಯಾರ ಕೊರಳಲ್ಲಿ ಏನಿರಬೇಕು ಅನ್ನುವುದಕ್ಕೂ ಲೆಕ್ಕ ಇರುವ ಮನೆಗಳನ್ನು ನೋಡಿದ್ದೇನೆ. ಆದರೆ ಯಾರು ವಾರಸುದಾರರು, ಯಾರಿಗೆ ಎಷ್ಟು ಅಂತ 1956ರ ಕಾಯ್ದೆ ಹೇಳಿರುವ ಕಡೆ ಪದ್ಧತಿಗೆ ಜಾಗ ಇಲ್ಲ. ಅದರ 4ನೇ ಕಲಮೇ ಹಾಗನ್ನುತ್ತದೆ.

ಆದರೂ ಅಣ್ಣನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಸರ ನಿಜವಾಗಲೂ ನಿಮ್ಮ ಅಪ್ಪನ ತಾಯಿಯದ್ದಾಗಿದ್ದು, ಹಬ್ಬಕ್ಕೆ ಸೊಸೆ ಹಾಕಿಕೊಂಡು ಮಾರನೇ ದಿನ ವಾಪಸ್ಸು ಅತ್ತೆಯ ಪೆಟ್ಟಿಗೆಗೆ ಸೇರುತ್ತಿದ್ದರೆ, ಆಗ ಅದು ನಿಮ್ಮ ಅಮ್ಮನದ್ದು ಅನ್ನುವುದು ಕಷ್ಟ. ಅಪ್ಪನದ್ದೋ ಕುಟುಂಬದ್ದೋ ಆಗಿ ಲೆಕ್ಕವೇ ಬದಲಾಗುತ್ತದೆ. ಅತ್ತೆ ‘ಇದು ನಿಂದು ಕಣಮ್ಮ’ ಅಂತ ಕೊಟ್ಟುಬಿಟ್ಟಿದ್ದರೆ ಮತ್ತೆ ಸ್ತ್ರೀಧನವೇ. ಅದಕ್ಕೇ ಮದುವೆ ಫೋಟೋ ಅಂದಿದ್ದು. ಕಪ್ಪು ಬಿಳುಪು ಫೋಟೋ ಆದರೂ ಕಾಸಿನ ಸರ ಗುರುತು ಸಿಗುತ್ತದೆ, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಕಾಸು ಕೂತಿರುತ್ತದಲ್ಲ. ಧಾರೆ ಹೊತ್ತಿನ ಫೋಟೋದಲ್ಲಿ ಸರ ಇದ್ದು, ಅದಕ್ಕೂ ಮೊದಲು ತವರಲ್ಲೇ ತೆಗೆದ ಫೋಟೋದಲ್ಲೂ ಇದ್ದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಮುಯ್ಯಿ ಪುಸ್ತಕ ಉಳಿದಿದೆಯಾ ನೋಡಿ. ಅದರ ಕೊನೇ ಹಾಳೆಯಲ್ಲಿ ಹೆಣ್ಣಿಗೆ ಹಾಕಿದ ಒಡವೆಗಳನ್ನು ಬರೆದಿಡುವವರು ಇದ್ದರು. ಅಕ್ಕಸಾಲಿಗರ ಚೀಟಿ, ತಾತನ ಲೆಕ್ಕದ ಪುಸ್ತಕ, ಅಮ್ಮನ ಅಕ್ಕತಂಗಿಯರು ಯಾರಾದರೂ ಇದ್ದರೆ ಅವರ ನೆನಪು, ಎಲ್ಲವೂ ಬೇಕು.

ಇನ್ನು ಉಯಿಲಿನ ಆ ಸಾಲನ್ನು ಮತ್ತೆ ಓದಿ. ‘ನನ್ನ ಧರ್ಮಪತ್ನಿಯ ಕಾಸಿನ ಸರ ಒಂದು ಪೂರಾ.’ ಬರೆದವರು ಪತ್ರ ಬರಹಗಾರರೋ ಯಾರೋ, ಹೇಳಿ ಬರೆಸಿದವರು ನಿಮ್ಮಪ್ಪ. ‘ನನ್ನ ಕಾಸಿನ ಸರ’ ಅನ್ನಲಿಲ್ಲ, ‘ನಮ್ಮ ಮನೆತನದ ಸರ’ ಅಂತಲೂ ಅನ್ನಲಿಲ್ಲ. ಸರ ಹೆಂಡತಿಯದು ಅಂತ ಅವರ ಬಾಯಲ್ಲೇ ಬಂದಿದೆ. ‘ಮನೆ ಸರ’ ಅನ್ನುವ ಅಣ್ಣನ ವಾದಕ್ಕೆ ಅಪ್ಪನ ಸಹಿಯೇ ಅಡ್ಡ ನಿಲ್ಲುತ್ತದೆ. ‘ಪೂರಾ’ ಅನ್ನುವ ಪದದ ಬೆಲೆ ಆಮೇಲೆ ಹೇಳುತ್ತೇನೆ.

ಈಗ ಲೆಕ್ಕ. ಸರ ಅಮ್ಮನದ್ದು, ಅಮ್ಮ ಏನೂ ಬರೆದಿಡದೆ ಹೋದರು ಅಂತ ಇಟ್ಟುಕೊಳ್ಳಿ. ಹೆಂಗಸು ಹಾಗೆ ತೀರಿಕೊಂಡರೆ 15ನೇ ಕಲಮಿನ ಪ್ರಕಾರ ಗಂಡ ಮತ್ತು ಮಕ್ಕಳು ಒಟ್ಟಿಗೆ, ಸಮ ಪಾಲು. ಗಂಡು ಹೆಣ್ಣು ಭೇದ ಇಲ್ಲ. ಆಗ ಅಪ್ಪ ಇದ್ದರು. ಅಪ್ಪ, ಅಣ್ಣ, ನೀವು, ತಮ್ಮ, ನಾಲ್ಕು ಜನಕ್ಕೆ ನಾಲ್ಕಾಣೆ ನಾಲ್ಕಾಣೆ. ಆಮೇಲೆ ಅಪ್ಪ ಹೋದರು, ಅವರ ನಾಲ್ಕಾಣೆ ಉಯಿಲಿನ ಮೂಲಕ ನಿಮಗೆ ಬಂತು. ನಿಮ್ಮದು ಎಂಟಾಣೆ, ಅಣ್ಣನದು ನಾಲ್ಕಾಣೆ, ತಮ್ಮನದು ನಾಲ್ಕಾಣೆ. ಯಾರು ಏನೇ ಮಾಡಿದರೂ ಅಮ್ಮನ ಕಡೆಯಿಂದ ಬರುವ ನಿಮ್ಮ ಕಾಲು ಪಾಲು ಎಲ್ಲೂ ಹೋಗುವುದಿಲ್ಲ, ನಾಳೆ ಉಯಿಲು ಬಿದ್ದುಹೋದರೂ. ತಮ್ಮ ‘ಮೂರು ಪಾಲು’ ಅನ್ನುವುದು ಉಯಿಲೇ ಇಲ್ಲ ಅಂದರೆ ಬರುವ ಲೆಕ್ಕ. ಅಪ್ಪನ ನಾಲ್ಕಾಣೆ ಮತ್ತೆ ಮೂವರಿಗೆ ಹಂಚಿ ಎಲ್ಲರಿಗೂ ಮೂರನೇ ಒಂದು.

ಹಾಗಾದರೆ ಉಯಿಲು ನಿಲ್ಲುತ್ತಾ? ನಿಲ್ಲುವ ಲಕ್ಷಣವೇ ಕಾಣುತ್ತಿದೆ. ರಿಜಿಸ್ಟರ್ ಆಗಿಲ್ಲ ಅಂತ ಹೆದರಬೇಡಿ, ಉಯಿಲಿಗೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಛಾಪಾ ಕಾಗದವೂ ಬೇಡ. ಬೇಕಿರುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಪ್ರೊಬೇಟ್, ಅಂದರೆ ಉಯಿಲು ನಿಜ ಅಂತ ಕೋರ್ಟು ಕೊಡುವ ದೃಢೀಕರಣ, ತರಬೇಕು ಅಂತ ಯಾರಾದರೂ ಹೇಳಿದರೆ ಅದೂ ನಮ್ಮ ಕಡೆಯ ಹಿಂದೂಗಳ ಉಯಿಲಿಗೆ ಕಡ್ಡಾಯ ಅಲ್ಲ. ಕೋರ್ಟಿಗೆ ಹೋದರೆ ಮಾತ್ರ ಬದುಕಿರುವ ಸಾಕ್ಷಿ ಒಬ್ಬರಾದರೂ ಬಂದು ‘ನನ್ನ ಎದುರಿಗೇ ಸಹಿ ಹಾಕಿದರು, ನಾನೂ ಅವರೆದುರಿಗೆ ಹಾಕಿದೆ’ ಅಂತ ಹೇಳಬೇಕು. ನಿಮ್ಮ ಪುಣ್ಯ, ಒಬ್ಬರು ಊರಲ್ಲಿದ್ದಾರೆ. ವಯಸ್ಸಾಗಿದ್ದರೆ ತಡ ಮಾಡಬೇಡಿ. ಓಡಾಡಲು ಆಗದಿದ್ದರೆ ಕೋರ್ಟ್ ಕಮಿಷನರ್ ಅವರ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳುವ ದಾರಿ ಇದೆ. ಆದರೆ ಅದಕ್ಕೆ ಕೇಸು ಇರಬೇಕು, ಅವರೂ ಇರಬೇಕು.

ಅಪ್ಪನಿಗೆ ಹುಷಾರಿರಲಿಲ್ಲ, ಯಾರೋ ಕೂರಿಸಿ ಬರೆಸಿಕೊಂಡರು ಅಂತ ತಮ್ಮ ಹೇಳಿದರೆ ಅನುಮಾನ ನಿವಾರಿಸುವ ಹೊರೆ ಉಯಿಲನ್ನು ಮುಂದೆ ಇಡುವವರ ಮೇಲೆ, ಅಂದರೆ ನಿಮ್ಮ ಮೇಲೆ. ಈ ಮಾತಿಗೆ ದೇಶದ ಎಲ್ಲ ಕೋರ್ಟುಗಳೂ ಇವತ್ತಿಗೂ ಎತ್ತುವ 1959ರ ಸುಪ್ರೀಂ ಕೋರ್ಟ್ ವರದಿ ನಮ್ಮ ಮೈಸೂರು ಸೀಮೆಯದೇ, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ. ನಿಮ್ಮ ವಿಷಯದಲ್ಲಿ ಹೊರೆ ಹಗುರ. ಮೂರು ಮಕ್ಕಳಿಗೂ ಏನಾದರೊಂದು ಬಂದಿದೆ, ನಿಮಗೇ ಎಲ್ಲಕ್ಕಿಂತ ಕಮ್ಮಿ ಬಂದಿದೆ. ಮೋಸ ಮಾಡಿ ಬರೆಸಿಕೊಳ್ಳುವವರು ಸೈಟು ಬಿಟ್ಟು ಸರ ಬರೆಸಿಕೊಳ್ಳುತ್ತಾರಾ? ಮೇಲಾಗಿ ತಮ್ಮ ಅದೇ ಕಾಗದ ತೋರಿಸಿ ಖಾತೆ ಮಾಡಿಸಿಕೊಂಡಿದ್ದಾನೆ. ಖಾತೆಗೆ ಕೊಟ್ಟ ಅರ್ಜಿಯ ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಿ. ಸೈಟಿಗೆ ನಿಜವಾದ ಉಯಿಲು ಸರಕ್ಕೆ ಮಾತ್ರ ಸುಳ್ಳಾಗಲು ಬರುವುದಿಲ್ಲ.

ಇಲ್ಲಿಂದ ಮುಂದಿನದು ವಕೀಲರಲ್ಲೂ ಎಷ್ಟೋ ಜನ ಮರೆಯುವ ವಿಷಯ. ಕಾಫಿ ಇದ್ದರೆ ಒಂದು ಲೋಟ ಇಟ್ಟುಕೊಂಡು ಓದಿ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ 180ನೇ ಕಲಮಿನಿಂದ ಒಂದು ಸಣ್ಣ ಅಧ್ಯಾಯ ಇದೆ. ಉಯಿಲು ಬರೆದವರು ತಮ್ಮದಲ್ಲದ ವಸ್ತುವನ್ನು ತಮ್ಮದೆಂಬಂತೆ ಒಬ್ಬರಿಗೆ ಬರೆದು, ಆ ವಸ್ತುವಿನ ನಿಜವಾದ ಒಡೆಯನಿಗೂ ಅದೇ ಉಯಿಲಿನಲ್ಲಿ ಬೇರೇನೋ ಕೊಟ್ಟಿದ್ದರೆ, ಆ ಒಡೆಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತನ್ನ ವಸ್ತು ಬೇಕು ಅಂದರೆ ಉಯಿಲಿನಲ್ಲಿ ಸಿಕ್ಕಿದ್ದನ್ನು ಬಿಡಬೇಕು. ಸಿಕ್ಕಿದ್ದು ಬೇಕು ಅಂದರೆ ವಸ್ತುವನ್ನು ಬಿಡಬೇಕು. ಕಾಯ್ದೆಯೊಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಸುಲ್ತಾನ್‌ಪುರದ ಜಮೀನು ‘ಸಿ’ ಎಂಬುವನದು, ಬೆಲೆ 800 ರೂಪಾಯಿ. ‘ಎ’ ಅದನ್ನು ‘ಬಿ’ಗೆ ಬರೆದುಬಿಟ್ಟ, ‘ಸಿ’ಗೆ 1,000 ರೂಪಾಯಿ ಬರೆದ. ‘ಸಿ’ ನನ್ನ ಜಮೀನು ನಾನು ಬಿಡಲ್ಲ ಅಂದ. ಸರಿ, ಜಮೀನು ಅವನಿಗೇ ಉಳಿಯುತ್ತದೆ, ಆದರೆ 1,000 ಹೋಯಿತು. ಅದರಲ್ಲಿ 800 ‘ಬಿ’ಗೆ ಸೇರುತ್ತದೆ. ಬರೆದವರಿಗೆ ವಸ್ತು ತನ್ನದಲ್ಲ ಅಂತ ಗೊತ್ತಿತ್ತೋ ಇಲ್ಲವೋ ಅನ್ನುವುದು ಬೇಕಾಗಿಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಸರದಲ್ಲಿ ಅಣ್ಣನದು ನಾಲ್ಕಾಣೆ, ತಮ್ಮನದು ನಾಲ್ಕಾಣೆ ಅವರ ಸ್ವಂತದ್ದು. ಅಪ್ಪ ಅದನ್ನೂ ಸೇರಿಸಿ ‘ಪೂರಾ’ ನಿಮಗೆ ಬರೆದರು. ಅದೇ ಕಾಗದದಲ್ಲಿ ಒಬ್ಬನಿಗೆ ಹೊಲ, ಒಬ್ಬನಿಗೆ ಸೈಟು. ಲೆಕ್ಕಕ್ಕೆ ಸರದ ಬೆಲೆ ಆರು ಲಕ್ಷ ಅಂತ ಇಟ್ಟುಕೊಂಡರೆ ಒಬ್ಬೊಬ್ಬರ ನಾಲ್ಕಾಣೆ ಒಂದೂವರೆ ಲಕ್ಷ. ಒಂದೂವರೆ ಲಕ್ಷದ ಕಾಸಿಗೆ ಹಾಸನದಲ್ಲಿ ಸೈಟಿನ ಹಕ್ಕು ಬಿಟ್ಟುಕೊಡುತ್ತೇನೆ ಅನ್ನುವವನು ಇದ್ದರೆ ಅವನ ಕಾಲಿಗೆ ನಾನೂ ಬೀಳುತ್ತೇನೆ. ‘ಅಪ್ಪ ತನ್ನ ಪಾಲನ್ನಷ್ಟೇ ಕೊಟ್ಟಿದ್ದು, ನಮ್ಮ ಪಾಲು ಮುಟ್ಟಿಲ್ಲ’ ಅಂತ ಎದುರು ವಕೀಲರು ಖಂಡಿತ ಹೇಳುತ್ತಾರೆ. ಅದು ಒಳ್ಳೆಯ ವಾದವೇ, ಕೋರ್ಟುಗಳು ಎಷ್ಟೋ ಸಲ ಒಪ್ಪುತ್ತವೆ. ಅದಕ್ಕೆ ನಿಮ್ಮ ಉತ್ತರ ಆ ‘ಪೂರಾ’ ಅನ್ನುವ ಮೂರೂವರೆ ಕಾಸಿನ ಪದ. ಅದಿಲ್ಲದಿದ್ದರೆ ಅರ್ಧಕ್ಕೆ ತೃಪ್ತರಾಗಿ ಅನ್ನುತ್ತಿದ್ದೆ.

ಅಪ್ಪ ತೀರಿಕೊಂಡು ಒಂದು ವರ್ಷ ಕಳೆದರೂ ಅಣ್ಣ, ತಮ್ಮ ಯಾವುದು ಬೇಕು ಅಂತ ಹೇಳದಿದ್ದರೆ, ಉಯಿಲು ಜಾರಿ ಮಾಡಬೇಕಾದವರು ಅವರನ್ನು ಕೇಳಬಹುದು. ಕೇಳಿ ಸಾಕಷ್ಟು ಸಮಯ ಕೊಟ್ಟರೂ ಬಾಯಿ ಬಿಡದಿದ್ದರೆ ಉಯಿಲನ್ನು ಒಪ್ಪಿದ ಹಾಗೆ. ನಿಮ್ಮ ಒಂದು ವರ್ಷ ಮುಗಿದಿದೆ. ಉಯಿಲಿನಲ್ಲಿ ನಿರ್ವಾಹಕರು ಅಂತ ಯಾರ ಹೆಸರಾದರೂ ಇದೆಯಾ ನೋಡಿ. ನಿಮ್ಮ ವಕೀಲರು ಕಳಿಸುವ ನೋಟಿಸಿನಲ್ಲಿ ಈ ಪ್ರಶ್ನೆ ಇರಲೇಬೇಕು. ಬೈಗುಳ ಬೇಡ. ‘ಹೊಲ, ಸೈಟು ಬೇಕೋ, ಸರದಲ್ಲಿ ಪಾಲು ಬೇಕೋ, ತಿಳಿಸಿ’ ಇಷ್ಟು ಸಾಕು.

ಒಂದು ಎಚ್ಚರಿಕೆ. ಹೊಲ ಸೈಟು ಕ್ರಯದ್ದು ಅಂದಿದ್ದೀರಿ, ಅದನ್ನು ನಂಬಿ ಇಷ್ಟೆಲ್ಲ ಬರೆದಿದ್ದೇನೆ. ಹೊಲ ಪಿತ್ರಾರ್ಜಿತ ಆಗಿದ್ದರೆ ಅಪ್ಪ ತಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಬಹುದಿತ್ತು. ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಸಮ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಆಗ ಸರದ ಜಗಳ ಬಿಟ್ಟು ಬೇರೆಯೇ ದಾವಾ ಆಗುತ್ತದೆ. ಕ್ರಯಪತ್ರ ಕಣ್ಣಾರೆ ನೋಡಿ.

ಅಡ ಇಟ್ಟ ವಿಷಯಕ್ಕೆ ಬರೋಣ. ಇದರಲ್ಲಿ ನಾನು ನಿಮ್ಮ ಅಣ್ಣನ ಕಡೆಗೂ ಸ್ವಲ್ಪ ಇದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಬಿಡಿಸದೆ ಇದ್ದಿದ್ದರೆ ಸೊಸೈಟಿಯವರು ನೋಟಿಸ್ ಅಂಟಿಸಿ ಹರಾಜು ಹಾಕುತ್ತಿದ್ದರು. ಆಗ ನೀವು ಮೂವರೂ ಕಿತ್ತಾಡಲು ಸರವೇ ಇರುತ್ತಿರಲಿಲ್ಲ. ಬಿಡಿಸಿದವನಿಗೇ ಸರ ಅನ್ನುವುದು ಕಾನೂನಲ್ಲ. ಸಾಲ ತೀರಿಸಿದವನಿಗೆ ಕೊಟ್ಟ ದುಡ್ಡು ವಾಪಸ್ಸು ಕೇಳುವ ಹಕ್ಕು ಬರುತ್ತದೆ, ವಸ್ತು ಬರುವುದಿಲ್ಲ. ಅದೇ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 167ನೇ ಕಲಂ ಇನ್ನೂ ಒಂದು ಮಾತು ಹೇಳುತ್ತದೆ. ಉಯಿಲಿನಲ್ಲಿ ಕೊಟ್ಟ ವಸ್ತು, ಬರೆದವರು ಸಾಯುವ ಹೊತ್ತಿಗೆ ಅಡದಲ್ಲಿದ್ದರೆ, ಬೇರೆ ರೀತಿ ಬರೆದಿಲ್ಲದಿದ್ದರೆ, ತೆಗೆದುಕೊಳ್ಳುವವರು ಸಾಲದ ಸಮೇತ ತೆಗೆದುಕೊಳ್ಳಬೇಕು. ಅಂದರೆ ಸರ ಪೂರಾ ನಿಮಗೆ ಬಂದರೆ 1,63,000 ಕೂಡ ನಿಮ್ಮ ತಲೆಗೇ.

‘ಸರ ಅಮ್ಮನದ್ದು, ಸಾಲ ಅಪ್ಪನದ್ದು, ಆಲೂಗೆಡ್ಡೆ ಬೆಳೆದ ಹೊಲ ಈಗ ಅಣ್ಣನದ್ದು, ಹೊಲದ ಸಾಲ ಹೊಲದವನೇ ಹೊತ್ತುಕೊಳ್ಳಲಿ’ ಅಂತ ನಿಮ್ಮ ವಕೀಲರು ಹೇಳಬಹುದು. ಆ ವಾದಕ್ಕೆ ಜಾಗ ಇದೆ. ಅಣ್ಣನಿಗೂ ಇಲ್ಲಿ ಸಿಕ್ಕಿಬೀಳುವ ಜಾಗ ಇದೆ: ಸಾಲ ಸರದ ಜೊತೆ ಹೋಗುತ್ತದೆ ಅಂದರೆ ಸರ ಅಪ್ಪನದು, ಉಯಿಲು ಸರಿ ಅಂತ ಒಪ್ಪಿದ ಹಾಗಾಯಿತು. ಅಮ್ಮನದು ಅಂದರೆ ಅಪ್ಪನ ಸಾಲ ಅಪ್ಪನ ಆಸ್ತಿಯಿಂದ ತೀರಬೇಕು, ಅದರಲ್ಲಿ ಅವರ ಹೊಲವೂ ಸೇರಿತು. ಕೋರ್ಟಿನಲ್ಲಿ ಇದನ್ನು ಎರಡು ದಿನ ವಾದಿಸಬಹುದು. ನನ್ನನ್ನು ಕೇಳಿದರೆ ವಾದಿಸಬೇಡಿ. ಆ ದುಡ್ಡು ಕೊಟ್ಟುಬಿಡಿ. ಅಂಗಮಾರಿ ಬಿದ್ದ ವರ್ಷ ಗೆಡ್ಡೆ ಕೊಳೆತ ವಾಸನೆಯಲ್ಲಿ ಅಪ್ಪನ ಜೊತೆ ಹೊಲದಲ್ಲಿ ನಿಂತಿದ್ದವನು ಅಣ್ಣ. ನೀವೂ ಅಲ್ಲ, ತಮ್ಮನೂ ಅಲ್ಲ ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಕ್ಷಮಿಸಿ.

ಸೊಸೈಟಿ ಚೀಟಿ ಇದೆಯಲ್ಲ, ಅದನ್ನು ಜೋಪಾನ ಮಾಡಿ. ಅದರಲ್ಲಿ ಸರದ ವಿವರ, ಒಟ್ಟು ತೂಕ, ನಿವ್ವಳ ತೂಕ, ತಾರೀಕು ಇರುತ್ತದೆ. ಮೂವರಲ್ಲಿ ಯಾರಿಗೂ ಸೇರದ ಒಬ್ಬ ಚಿನ್ನ ಪರೀಕ್ಷಕರು ಬರೆದದ್ದು ಅದು. ನಾಳೆ ಅಣ್ಣ ಸರ ಕರಗಿಸಿ ಬಳೆ ಮಾಡಿಸಿದರೂ ಆ ಚೀಟಿ ಹಿಡಿದು ಬೆಲೆ ವಸೂಲು ಮಾಡಬಹುದು. ಅಪ್ಪನೇ ಬದುಕಿದ್ದಾಗ ಕರಗಿಸಿದ್ದರೆ ಮಾತು ಬೇರೆ. ಕೊಟ್ಟ ವಸ್ತುವೇ ಇಲ್ಲದಾಗಿ ಆ ಸಾಲು ಬರೀ ಸಾಲಾಗಿ ಉಳಿಯುತ್ತಿತ್ತು.

ಇನ್ನು ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲು, ಪೊಲೀಸ್ ಸ್ಟೇಷನ್ ಕಡೆ ಹೋಗಬೇಡಿ. ಅಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂತ ಕಳಿಸುತ್ತಾರೆ, ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿ ಅಣ್ಣ ಹಟಕ್ಕೆ ಬಿದ್ದಿರುತ್ತಾರೆ. ಮೂವರೂ ಕೂತು ಸರವನ್ನು ತೂಕ ಮಾಡಿಸಿ, ಕಾಸು ಎಣಿಸಿ, ಎರಡೂ ಕಡೆ ಫೋಟೋ ತೆಗೆದು, ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ತೀರ್ಮಾನ ಆಗುವ ತನಕ ಮೂವರ ಹೆಸರಲ್ಲಿ ಲಾಕರ್ ಮಾಡಿಸಿ ಇಡಿ. ಇದಕ್ಕೆ ಒಪ್ಪದಿದ್ದರೆ ಮಾತ್ರ ನೋಟಿಸ್. ಮಾರುವ, ಮತ್ತೆ ಅಡ ಇಡುವ ಸೂಚನೆ ಕಂಡರೆ ದಾವಾ ಹಾಕಿ ತಡೆಯಾಜ್ಞೆ ಕೇಳಬೇಕು. ಇಂಥ ವಸ್ತುವಿಗೆ ಬರೀ ದುಡ್ಡು ಪರಿಹಾರ ಆಗುವುದಿಲ್ಲ ಅನ್ನಿಸಿದರೆ ವಸ್ತುವನ್ನೇ ಕೊಡಿಸುವ ಅಧಿಕಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಕೋರ್ಟಿಗೆ ಇದೆ.

ಅವಧಿ ಮರೆಯಬೇಡಿ. ಚರ ವಸ್ತು ವಾಪಸ್ಸು ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಉಯಿಲಿನಲ್ಲಿ ಬಂದದ್ದಕ್ಕೆ ಹನ್ನೆರಡು ವರ್ಷ ಅಂತ ವಾದಿಸುವ ದಾರಿಯೂ ಇದೆ, ಆದರೆ ಅದನ್ನು ನಂಬಿ ಕೂತವರು ನನ್ನ ಹತ್ತಿರ ಅಳುತ್ತಾ ಬಂದಿದ್ದಾರೆ. ನಿಮ್ಮದು ಒಂದೂವರೆ ವರ್ಷ ಆಗಲೇ ಹೋಯಿತು.

ದುಡ್ಡಿನ ಯೋಚನೆ ಇದ್ದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ಗೆ ಕರೆಸಿ ಮಾತಾಡಿಸುವ ವ್ಯವಸ್ಥೆಯೂ ಇದೆ. ಅಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ನಾಳೆ ಯಾರೂ ಮಾತು ತಿರುಗಿಸುವ ಹಾಗಿಲ್ಲ.

ರಾಜಿ ಅಂದರೆ ಏನು ರಾಜಿ? ಸರದಿ ಮಾತ್ರ ಬೇಡ. ಈ ಗೌರಿ ಹಬ್ಬಕ್ಕೆ ಅಕ್ಕ, ಮುಂದಿನ ಹಬ್ಬಕ್ಕೆ ಅತ್ತಿಗೆ ಅಂತ ಎಲ್ಲರೂ ಮೊದಲು ಹೇಳುವುದು ಅದನ್ನೇ. ದೇವಸ್ಥಾನದ ಪೂಜೆಗೆ ಸರದಿ ನಡೆಯುತ್ತದೆ, ಚಿನ್ನಕ್ಕೆ ನಡೆಯುವುದಿಲ್ಲ. ಎರಡನೇ ವರ್ಷವೇ ಕೊಂಡಿ ಸವೆದಿದೆ, ಒಂದು ಕಾಸು ಬಗ್ಗಿದೆ ಅಂತ ಶುರುವಾಗುತ್ತದೆ. ಕತ್ತರಿಸುವುದೂ ಬೇಡ. ಹೊಳೆನರಸೀಪುರದ ಕಡೆಯ ಅಕ್ಕತಂಗಿಯರು ತಾಯಿಯ ಸೊಂಟದ ಡಾಬಿಗೆ ಎಂಟು ವರ್ಷ ಕೋರ್ಟಿಗೆ ಓಡಾಡಿದರು. ಕೊನೆಗೆ ಅಕ್ಕಸಾಲಿಗರ ಅಂಗಡಿಯಲ್ಲಿ ಅದನ್ನು ಸರಿಯಾಗಿ ಮಧ್ಯಕ್ಕೆ ಕತ್ತರಿಸಿ ಹಂಚಿಕೊಂಡರು. ನಾನೂ ಅಲ್ಲೇ ನಿಂತಿದ್ದೆ. ಅರ್ಧ ಡಾಬನ್ನು ಯಾರ ಸೊಂಟಕ್ಕೂ ಹಾಕಲು ಬರುವುದಿಲ್ಲ. ಇಬ್ಬರೂ ಆ ವಾರವೇ ಮಾರಿದರಂತೆ, ಒಬ್ಬರಿಗೊಬ್ಬರು ಹೇಳದೆ, ಒಂದೇ ಅಂಗಡಿಗೆ.

ನಾನು ಹೇಳುವುದು ಇಷ್ಟು. ಸರ ಇಡಿಯಾಗಿ ನಿಮಗೆ. ಅಣ್ಣನಿಗೆ 1,63,000 ಪೂರ್ತಿ. ತಮ್ಮನಿಗೆ ಏನೂ ಇಲ್ಲ, ಅವನು ಉಯಿಲಿನ ಸೈಟು ಅನುಭವಿಸಲಿ. ಅಣ್ಣನಿಗೆ ತಮ್ಮನಷ್ಟೇ ಬಂತಲ್ಲ, ದುಡ್ಡು ಮಾತ್ರ ಯಾಕೆ ಅಂದರೆ, ಅದು ಅವರ ಕೈಯಿಂದ ಹೋದದ್ದು. ಇದನ್ನು ಒಂದು ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕಿ, ಇಬ್ಬರು ಸಾಕ್ಷಿ. ಬರೀ ಒಡವೆಯ ವಿಷಯವಾದರೆ ರಿಜಿಸ್ಟರ್ ಬೇಕಿಲ್ಲ. ಸೈಟು, ಹೊಲವನ್ನು ಆ ಕಾಗದದಲ್ಲೇ ಹಂಚಲು ಹೋದರೆ ಆಗ ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಲೇಬೇಕು.

(ಚಿಕ್ಕಮಗಳೂರಿನ ತೋಟದವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ನಿಮ್ಮ ಮನೆಯ ಹಳೇ ವಸ್ತು ಕೋವಿ ಆಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅದನ್ನು ತಡ ಮಾಡದೆ ಸ್ಟೇಷನ್ನಿಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಬೇಕು. ಉಯಿಲಿನಲ್ಲಿ ಯಾರ ಹೆಸರಿದ್ದರೂ ಅವರಿಗೆ ಲೈಸೆನ್ಸ್ ಆಗುವ ತನಕ ಮುಟ್ಟುವ ಹಾಗಿಲ್ಲ. ಕೊಡವರಿಗಿರುವ ವಿನಾಯಿತಿ ಕೇಳಿ ಅದು ನಮಗೂ ಇದೆ ಅಂದುಕೊಳ್ಳುವವರು ಜಾಸ್ತಿ.)

ಆ ನಾಲ್ಕು ಕಾಸು ಉಳಿಯಿತು. ಅತ್ತಿಗೆಯ ಮೇಲೆ ಅನುಮಾನ ಅಂದಿದ್ದೀರಿ. ಚೀಟಿಯ ತಾರೀಕು ನೋಡಿ. ಅಡ ಇಟ್ಟದ್ದು ಅಪ್ಪ, ಸರ ಅಣ್ಣನ ಬೀರುವಿಗೆ ಬಂದದ್ದು ಅದಾದ ಮೇಲೆ. ಅಡ ಇಡುವಾಗಲೇ 50 ಇತ್ತು. ಅಂದರೆ ಅದಕ್ಕೂ ಮೊದಲೇ ಯಾವಾಗಲೋ ಹೋಗಿದೆ. ಕಾಸಿನ ಸರ ಹಳೇ ಕಾಲದ ಹೆಂಗಸರಿಗೆ ಕೊರಳಲ್ಲಿದ್ದ ಬ್ಯಾಂಕು. ತೊಂದರೆ ಬಂದಾಗ ದಾರ ಬಿಚ್ಚಿ ಒಂದು ಕಾಸು ಕಳಚಿ ಮಾರಿ, ಉಳಿದದ್ದನ್ನು ಒತ್ತಾಗಿ ಪೋಣಿಸಿ ಮತ್ತೆ ಹಾಕಿಕೊಂಡರೆ ಗಂಡನಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಬಾಣಂತನಕ್ಕೋ ತಮ್ಮನ ಫೀಸಿಗೋ ಅಮ್ಮನೇ ಕಳಚಿರಬಹುದು. ಹಾಗೆ ಯಾರನ್ನೂ ಕೇಳದೆ ಮಾರಿದ್ದು ನಿಜವಾದರೆ ಸರ ಅಮ್ಮನದ್ದೇ ಅನ್ನುವುದಕ್ಕೆ ಫೋಟೋಗಿಂತ ದೊಡ್ಡ ಸಾಕ್ಷಿ. ಮನೆ ಸರವನ್ನು ಯಾವ ಸೊಸೆಯೂ ಹಾಗೆ ಬಿಚ್ಚುವುದಿಲ್ಲ.

ಆದ್ದರಿಂದ ಅತ್ತಿಗೆಯ ಹತ್ತಿರ ಈ ಮಾತು ಎತ್ತಬೇಡಿ. ಸಖರಾಯಪಟ್ಟಣದಲ್ಲಿ ಅಮ್ಮನ ತಂಗಿಯರು ಯಾರಾದರೂ ಇದ್ದರೆ ಈ ಭಾನುವಾರ ಹೋಗಿ ಬನ್ನಿ. ಮದುವೆ ಫೋಟೋ ಅವರ ಹತ್ತಿರವೂ ಒಂದು ಇರುತ್ತದೆ. ಅದನ್ನು ನೋಡುತ್ತಾ ಕೂತಾಗ ಕಾಸಿನ ಮಾತು ತೆಗೆಯಿರಿ. ಗಂಡನಿಗೆ ಹೇಳದ್ದನ್ನು ನಿಮ್ಮಮ್ಮ ತಂಗಿಗೆ ಹೇಳಿರುತ್ತಾರೆ.